ಬೀಜದ ಮುಡಿ ಬಿಚ್ಚಿದ ಮೇಲೆ

(ಕುಂದಾಪುರ ಕಡೆಯ ಒಂದು ಊರಿನ ವಾಚನಾಲಯದಲ್ಲಿ, ನೂಲ ಹುಣ್ಣಿಮೆಯ ಸಮುದ್ರ ಪೂಜೆ ಮುಗಿದ ವಾರ ಆಡಿದ ಮಾತಿನ ಬರಹ ರೂಪ. ಬೋಟಿನವರು, ನಾಡದೋಣಿಯವರು, ಮೀನು ಮಾರುವ ಹೆಂಗಸರು, ಕಾಲೇಜಿನ ಮಕ್ಕಳು ಸಭೆಯಲ್ಲಿದ್ದರು. ಕೊನೆಯ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನಲ್ಲಿ ಆಯಿಲ್ ಸಾರ್ಡಿನ್ ಎನ್ನುವ ಒಂದು ಮೀನು, ನಮ್ಮ ಕುಂದಾಪುರದ ಕಡೆ ಅದು ಬೈಗೆ. ಉಡುಪಿ, ಮಂಗಳೂರಿಗೆ ಹೋದರೆ ಬೂತಾಯಿ. ಹೊನ್ನಾವರ, ಕಾರವಾರದಲ್ಲಿ ತಾರಲೆ, ಗೋವಾದವರಿಗೂ ತಾರಲೆಯೇ. ಕಾಸರಗೋಡು ದಾಟಿದರೆ ಮತ್ತಿ, ತಿರುವನಂತಪುರದ ಹೊತ್ತಿಗೆ ಚಾಳೆ. ಹೆಸರು ಬದಲಾಗುವುದು ದಡದ ಮೇಲಿರುವ ನಮ್ಮ ಬಾಯಲ್ಲಿ. ನೀರಿನೊಳಗೆ ಹೋಗುವ ಆ ಹಿಂಡಿಗೆ ಕೇರಳದ ಕಡೆ ತಲಪಾಡಿಯ ಚೆಕ್‌ಪೋಸ್ಟೂ ಇಲ್ಲ, ಗೋವಾದ ಕಡೆ ಮಾಜಾಳಿಯ ಗಡಿಯೂ ಇಲ್ಲ. ನೀರು ತಂಪಾದ ಕಡೆಗೆ, ತಿನ್ನಲು ಸಿಕ್ಕುವ ಕಡೆಗೆ ಅದು ಹೋಗುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದದ್ದರ ಮುಕ್ಕಾಲು ಭಾಗ ಇಷ್ಟರಲ್ಲೇ ಇದೆ. ಮೀನು ಒಂದು, ಅದನ್ನು ಹಿಡಿಯುವ ರಾಜ್ಯಗಳು ನಾಲ್ಕೈದು, ಕಾನೂನು ಒಬ್ಬೊಬ್ಬರದು ಒಂದೊಂದು.

ಉಳಿದ ಕಾಲು ಭಾಗ ಮುಡಿಯ ವಿಷಯ. ಇಲ್ಲಿ ಕೂತ ಹಿರಿಯರಿಗೆ ನೆನಪಿದೆ. ಗದ್ದೆ ಇದ್ದ ಮನೆಗಳಲ್ಲಿ ಕೊಯ್ಲು ಮುಗಿದ ಮೇಲೆ ಚೊಲೊ ಕಾಳು ಆರಿಸಿ, ಬೈಹುಲ್ಲಿನ ಹಗ್ಗ ಸುತ್ತಿ ಬೀಜದ ಮುಡಿ ಕಟ್ಟಿಡುತ್ತಿದ್ದರು. ಆಷಾಢದಲ್ಲಿ ಮನೆಯ ಅಕ್ಕಿ ಮುಗಿದು ಗಂಜಿಗೆ ತತ್ವಾರವಾದರೂ ಆ ಮುಡಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ನೆರೆಮನೆಯಿಂದ ಸಾಲ ತಂದರು, ಕೆಸುವಿನ ಗೆಡ್ಡೆ ಬೇಯಿಸಿ ತಿಂದರು, ಮುಡಿ ಮಾತ್ರ ಬಿಚ್ಚಲಿಲ್ಲ. ಬಿಚ್ಚಿದರೆ ಮುಂದಿನ ವರ್ಷ ಗದ್ದೆಗೆ ಎಂತ ಹಾಕುವುದು? ಕಡಲಿನಲ್ಲಿಯೂ ಅಂಥದೊಂದು ಮುಡಿ ಇದೆ. ಅದನ್ನು ಕಟ್ಟಿದವರು ನಾವಲ್ಲ. ಆದ್ದರಿಂದಲೋ ಏನೋ, ಬಿಚ್ಚುವಾಗ ನಮಗೆ ಕೈ ನಡುಗಲಿಲ್ಲ.

ಈ ಮೀನಿನ ಬಾಳುವೆ ಹೇಗೆ ಎಂದು ಸ್ವಲ್ಪ ನೋಡೋಣ. ಬೈಗೆ ಬದುಕುವುದು ಹೆಚ್ಚೆಂದರೆ ಎರಡೂವರೆ ಮೂರು ವರ್ಷ. ಒಂದು ಗೇಣಿಗಿಂತ ಕಡಿಮೆ, ಅಂದರೆ ಸುಮಾರು 15 ಸೆಂಟಿಮೀಟರ್ ಆದಾಗ ಅದು ಮೊಟ್ಟೆಗೆ ಬರುತ್ತದೆ. ಮಳೆಗಾಲ ಹಿಡಿಯಬೇಕು, ಗಾಳಿ ಮೇಲಿನ ನೀರನ್ನು ಆಚೆಗೆ ತಳ್ಳಬೇಕು, ತಳದ ತಂಪು ನೀರು ತನ್ನ ಸತ್ವದೊಂದಿಗೆ ಮೇಲೆದ್ದು ಬರಬೇಕು. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕೋಟಿಗಟ್ಟಲೆ ಬೆಳೆದು ನೀರಿನ ಬಣ್ಣವೇ ತಿರುಗುತ್ತದೆ. ಆ ಮೇವನ್ನು ನಂಬಿಕೊಂಡು ತಾಯಿ ಮೀನು ಜೂನ್‌ನಿಂದ ಆಗಸ್ಟ್‌ವರೆಗೆ ಹತ್ತಾರು ಸಾವಿರ ಮೊಟ್ಟೆ ಬಿಡುತ್ತದೆ. ಅದರಲ್ಲಿ ಬದುಕಿದ ಮರಿಗಳು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬೆರಳುದ್ದವಾಗಿ ದಡದ ಹತ್ತಿರ ಹಿಂಡುಗಟ್ಟುತ್ತವೆ. ನಾವು ತೆಂಗಿನಕಾಯಿ ಬಿಟ್ಟು, ಹಾಲೆರೆದು, ಬೋಟು ಇಳಿಸುವುದು ಯಾವಾಗ? ಆಗಲೇ. ಮಳೆಗಾಲದಲ್ಲಿ ಮೀನು ಹಿಡಿಯದ ಎರಡು ತಿಂಗಳ ರಜೆಯ ನಂತರ ಸಾಲದ ಕಂತು ತಲೆಯ ಮೇಲೆ ಕೂತಿರುತ್ತದೆ, ಬಲೆ ಹೊಸದಿರುತ್ತದೆ, ಮೊದಲು ಸಿಕ್ಕುವುದು ಈ ಮರಿಗಳೇ. ನಾನು ಬೋಟಿನವರನ್ನು ದೂರುತ್ತಿಲ್ಲ. ಕಂತು ಕಟ್ಟುವವನ ಕಷ್ಟ ನನಗೆ ಗೊತ್ತು. ಆದರೆ ಒಮ್ಮೆಯೂ ಮೊಟ್ಟೆ ಇಡದ ಮೀನು ಅದು. ಮುಡಿಯ ಕಾಳು.

ನನ್ನ ಅಜ್ಜಿ ಬೈಗೆ ಸಾರು ಕುದಿಯುವಾಗ ಪಾತ್ರೆಗೆ ಬಗ್ಗಿ ನೋಡುತ್ತಿದ್ದಳು. ಮೇಲೆ ಎಣ್ಣೆ ಚಕ್ರಚಕ್ರವಾಗಿ ತೇಲಿದರೆ "ಈಗ ಮೀನಿಗೆ ಹದ ಬಂತು" ಅನ್ನುತ್ತಿದ್ದಳು. ತೇಲದಿದ್ದರೆ ಮಾರನೇ ದಿನ ಬುಟ್ಟಿಯವಳಿಗೆ ಸಣ್ಣದೊಂದು ತಕರಾರು ಕಾದಿರುತ್ತಿತ್ತು. ಈಗಿನ ಮಕ್ಕಳಿಗೆ ಆ ಎಣ್ಣೆ ಅಪರೂಪ. ಬಲಿತ ಮೀನು ಬಂದರೆ ತಾನೇ ತೇಲುವುದು?

ರಂಪಣಿಯ ಕಾಲವನ್ನು ಕಂಡವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ. (ಏಳೆಂಟು ಕೈ ಎದ್ದವು.) ನಿಮ್ಮೆದುರು ನಾನು ರಂಪಣಿಯ ಬಗ್ಗೆ ಹೇಳುವುದು ಅಧಿಕಪ್ರಸಂಗವಾದೀತು, ಆದರೂ ಮಕ್ಕಳಿಗೋಸ್ಕರ ಹೇಳುತ್ತೇನೆ. ತುಂಡು ತುಂಡಾಗಿ ಜೋಡಿಸಿದ ಬಲೆ, ಬಿಡಿಸಿದರೆ ಕಿಲೋಮೀಟರಿಗೂ ಉದ್ದ. ಹಿಂಡು ದಡಕ್ಕೆ ಬಂದಾಗ ದೋಣಿಯಲ್ಲಿ ಬಲೆ ಹೊತ್ತು ಅರ್ಧಚಂದ್ರದ ಹಾಗೆ ಸುತ್ತು ಹಾಕುವುದು, ಆಮೇಲೆ ಎರಡೂ ತುದಿಗಳನ್ನು ಮರಳಿನ ಮೇಲೆ ನಿಂತು ಎಳೆಯುವುದು. ಎಳೆಯಲು ಐವತ್ತು, ಎಂಬತ್ತು, ನೂರು ಜನ ಬೇಕು. ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಪಾಲು. ದಡಕ್ಕೆ ಬಂದ ಮೀನನ್ನೇ ಹಿಡಿಯಬೇಕು, ಅದು ಬರುವವರೆಗೆ ಕಾಯಬೇಕು. ಆಳದಲ್ಲಿ ಉಳಿದದ್ದು ಕಡಲಿನ ಪಾಲು. ರಂಪಣಿಯವರು ಸಂತರಾಗಿದ್ದರು ಎಂದು ನಾನು ಹೇಳುವುದಿಲ್ಲ. ಹೆಚ್ಚು ಸಿಕ್ಕಿದ ದಿನ ಅವರೂ ತೆಂಗಿನ ಬುಡಕ್ಕೆ ಗೊಬ್ಬರ ಮಾಡಿದ್ದಾರೆ, ಎಣ್ಣೆ ತೆಗೆದು ದೋಣಿಗೆ ಬಳಿದಿದ್ದಾರೆ. ಆದರೆ ಆ ಬಲೆಗೆ ತನ್ನದೇ ಒಂದು ಮಿತಿ ಇತ್ತು, ಆ ಮಿತಿಯಲ್ಲಿ ಮುಡಿ ಉಳಿಯಿತು.

ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸಿನ್ ಬಲೆ ಬಂತು. ಹಿಂಡನ್ನು ಕಡಲಿನಲ್ಲೇ ಸುತ್ತುವರಿದು, ಬಲೆಯ ಅಡಿಯಲ್ಲಿರುವ ಬಳೆಗಳ ಮೂಲಕ ಹಗ್ಗ ಎಳೆದರೆ ಅಡಿ ಮುಚ್ಚಿಕೊಳ್ಳುತ್ತದೆ, ಥೇಟು ಹಮ್ಮಿಣಿಯ ದಾರ ಎಳೆದ ಹಾಗೆ. ಮೀನು ದಡಕ್ಕೆ ಬರುವುದನ್ನು ಕಾಯುವ ಕೆಲಸ ತಪ್ಪಿತು. ಕೆಲವೇ ವರ್ಷಗಳಲ್ಲಿ ರಂಪಣಿ ಬಲೆಗಳು ಚಪ್ಪರದಲ್ಲಿ ಕೊಳೆತವು. ಗೋವಾದಲ್ಲೂ ಆದದ್ದು ಇದೇ. ಅಲ್ಲಿನ ರಾಂಪೋಣ್‌ಕಾರರು, ಎಂದರೆ ರಂಪಣಿಯವರು, ಮತಾನಿ ಸಲ್ದಾನ ಅವರ ಮುಂದಾಳ್ತನದಲ್ಲಿ ಬೀದಿಗಿಳಿದರು. ಕೇರಳದಲ್ಲಿ ಸಣ್ಣ ದೋಣಿಯವರ ಹೋರಾಟದ ಫಲವಾಗಿ 1988ರಲ್ಲಿ ಮೊದಲ ಬಾರಿಗೆ ಮಳೆಗಾಲದಲ್ಲಿ ಟ್ರಾಲಿಂಗ್, ಎಂದರೆ ಬೋಟಿನ ಹಿಂದೆ ಚೀಲದಂಥ ಬಲೆ ಎಳೆದು ಮೀನು ಹಿಡಿಯುವುದಕ್ಕೆ ನಿಷೇಧ ಬಂತು. ಈಗ ನಾವೆಲ್ಲ ಸಹಜವೆಂದು ತಿಳಿದಿರುವ ಮಳೆಗಾಲದ ರಜೆ ಯಾವ ಅಧಿಕಾರಿಯ ದಯೆಯಿಂದಲೂ ಬಂದದ್ದಲ್ಲ, ದೋಣಿಯವರು ಉಪವಾಸ ಕೂತು ಪಡೆದದ್ದು.

ಈಗ ಅಂಕಿಗೆ ಬರುತ್ತೇನೆ. ಮತ್ತಿಯ ಲೆಕ್ಕ ಚೆನ್ನಾಗಿ ಸಿಕ್ಕುವುದು ಕೇರಳದ್ದು; ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ವರ್ಷವರ್ಷವೂ ಇಡುತ್ತ ಬಂದಿದೆ. 2012ರಲ್ಲಿ ಕೇರಳದ ದಡಕ್ಕೆ ಬಂದ ಮತ್ತಿ ಸುಮಾರು 3.9 ಲಕ್ಷ ಟನ್. 2015ರಲ್ಲಿ 68 ಸಾವಿರ ಟನ್ನಿನ ಆಸುಪಾಸು. 2021ರಲ್ಲಿ 3,297 ಟನ್. ಒಂಬತ್ತು ವರ್ಷದ ಹಿಂದೆ ನೂರು ಬುಟ್ಟಿ ಇಳಿದ ಜಾಗದಲ್ಲಿ ಒಂದು ಬುಟ್ಟಿಯೂ ತುಂಬಲಿಲ್ಲ. 1994ರ ನಂತರ ಅಷ್ಟು ಕಡಿಮೆ ಯಾವತ್ತೂ ಇರಲಿಲ್ಲ.

1994 ಎಂದೆ, ಗಮನಿಸಿ. ಅಂದರೆ ಹಿಂದೆಯೂ ಈ ಮೀನು ಹೀಗೆ ಮಾಯವಾಗಿತ್ತು, ಮರಳಿ ಬಂದಿತ್ತು. ಬೈಗೆಯ ಹಿಂಡು ಏರಿಳಿಯುವುದು ಬ್ರಿಟಿಷರ ಕಾಲದ ದಾಖಲೆಗಳಲ್ಲೂ ಇದೆ. ಮಳೆ ಕೈಕೊಟ್ಟರೆ, ಶಾಂತ ಸಾಗರ ಕೆಲವು ವರ್ಷಕ್ಕೊಮ್ಮೆ ಬಿಸಿಯೇರುವ ಎಲ್ ನಿನೊ ಬಂದು ಇಲ್ಲಿಯ ನೀರೂ ಬಿಸಿಯಾದರೆ, ತಳದ ತಂಪು ನೀರು ಮೇಲೇಳದಿದ್ದರೆ ಮೊಟ್ಟೆ, ಮರಿ ಎರಡಕ್ಕೂ ಕಷ್ಟ. 2015ರಲ್ಲಿ ಬಂದದ್ದು ಭಾರೀ ಎಲ್ ನಿನೊ. ಹಾಗಾಗಿ ಎಲ್ಲವನ್ನೂ ಬಲೆಯ ಮೇಲೆ ಹೊರಿಸುವುದು ಸರಿಯಲ್ಲ, ನಾನು ಹೊರಿಸುವುದೂ ಇಲ್ಲ. ಆದರೆ ಬರಗಾಲ ಬರುವುದು ಗೊತ್ತಿದ್ದವನು ಮುಡಿಯನ್ನು ಹೆಚ್ಚು ಜೋಪಾನ ಮಾಡುತ್ತಾನೋ, ಬಿಚ್ಚುತ್ತಾನೋ? ಕಡಲು ತಾನಾಗಿ ಇಳಿದ ವರ್ಷಗಳಲ್ಲೇ ನಮ್ಮ ಎಂಜಿನ್ನಿನ ಅಶ್ವಶಕ್ತಿ ಏರಿತು, ಮೀನು ಹುಡುಕುವ ಯಂತ್ರ ಬಂತು, ರಾತ್ರಿ ಜನರೇಟರ್ ಇಟ್ಟು ಕಡಲಿಗೆ ಹಗಲು ಮಾಡುವ ಲೈಟ್ ಫಿಶಿಂಗ್ ಬಂತು. ಬೆಳಕಿಗೆ ದೊಡ್ಡದು, ಸಣ್ಣದು, ಬೊಂಡಾಸು (ಸ್ಕ್ವಿಡ್), ಮರಿ ಎಲ್ಲ ಬರುತ್ತವೆ. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಲೈಟ್ ಫಿಶಿಂಗನ್ನೂ ಎರಡು ಬೋಟು ಸೇರಿ ಒಂದು ಬಲೆ ಎಳೆಯುವ ಬುಲ್‌ಟ್ರಾಲನ್ನೂ ನಿಷೇಧಿಸಿತು. ನಿಷೇಧದ ಮೇಲೂ ನಾಡದೋಣಿಯವರು ವರ್ಷವರ್ಷ ಅದೇ ಬೇಡಿಕೆ ಹಿಡಿದು ರಸ್ತೆಗೆ ಇಳಿಯಬೇಕಾಗಿದೆ ಎಂದರೆ ನೀವೇ ಅರ್ಥ ಮಾಡಿಕೊಳ್ಳಿ.

ಇಷ್ಟು ಮರಿ ಮೀನು ಹೋಗುವುದೆಲ್ಲಿಗೆ? ಊಟದ ಬಟ್ಟಲಿಗಂತೂ ಅಲ್ಲ. ಎರಡು ಬೆರಳುದ್ದದ ಬೈಗೆಯನ್ನು ಯಾರೂ ಬುಟ್ಟಿಯಲ್ಲಿಟ್ಟು ಮಾರಲಾರರು. ಅದು ಲಾರಿ ಹತ್ತಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಬೇಯಿಸಿ, ಹಿಂಡಿ, ಒಣಗಿಸಿ, ಪುಡಿ ಮಾಡುತ್ತಾರೆ. ಒಂದು ಕೇಜಿ ಪುಡಿಗೆ ನಾಲ್ಕೈದು ಕೇಜಿ ಹಸಿ ಮೀನು ಬೇಕು. ಆ ಪುಡಿ ಸಿಗಡಿ ಕೊಳಕ್ಕೆ, ಸಾಕುಮೀನಿಗೆ, ಕೋಳಿಗೆ. ಬಡವರ ಮನೆಯ ಗಂಜಿಯ ಜತೆಗಿದ್ದ ಮೀನು ಹೀಗೆ ಇನ್ನೆಲ್ಲಿಯದೋ ಸಿಗಡಿಯ ಹೊಟ್ಟೆ ಸೇರಿ, ಇನ್ಯಾವುದೋ ದೇಶದ ತಟ್ಟೆಗೆ ಹೋಗುತ್ತದೆ. ಈ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರೂ ನಮ್ಮ ಜನ, ತಲೆ ಬಾಲಗಳಂಥ ಉಳಿಕೆಗೆ ಅಲ್ಲಿ ಒಂದು ಬೆಲೆ ಸಿಕ್ಕುತ್ತದೆ, ಅದು ಒಳ್ಳೆಯದೇ. ಆದರೆ ಮರಿಗೂ ಬೆಲೆ ಸಿಕ್ಕತೊಡಗಿದ ದಿನ ಬಲೆಯ ಕಣ್ಣು ಸಣ್ಣದಾಯಿತು. ಮೊದಲು ಮರಿ ಬಿದ್ದರೆ ಬೋಟಿನವನಿಗೆ ನಷ್ಟ, ಶ್ರಮ ದಂಡ. ಈಗ ಡೀಸೆಲ್ ಖರ್ಚಾದರೂ ಹುಟ್ಟುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇಲ್ಲಿದೆ.

ಬಲೆಯ ಕಣ್ಣಿನ ಬಗ್ಗೆ ಒಂದು ಮಾತು, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಇಷ್ಟವಾದೀತು. ಟ್ರಾಲ್ ಬಲೆಯ ತುದಿಯ ಚೀಲದಲ್ಲಿ ಕಣ್ಣು ವಜ್ರಾಕಾರ ಇದ್ದರೆ, ಬೋಟು ಎಳೆಯುವಾಗ ಅದು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ಅಳತೆ ದೊಡ್ಡದಿದ್ದರೂ ಮರಿಗೆ ದಾರಿ ಇಲ್ಲ. ಅದೇ ಕಣ್ಣನ್ನು ಚೌಕವಾಗಿ ಕೂರಿಸಿದರೆ ಎಳೆದಾಗಲೂ ತೆರೆದೇ ಇರುತ್ತದೆ, ಮರಿ ನುಸುಳಿ ಪಾರಾಗುತ್ತದೆ. ನೂಲು ಅದೇ, ಬೋಟು ಅದೇ. ಬಲೆ ಹೆಣೆಯುವ ಕೋನ ಬೇರೆ, ಅಷ್ಟೆ.

ಈಗ ನಿಮ್ಮನ್ನು ದೂರದ ಒಂದು ಕಡಲಿಗೆ ಕರೆದೊಯ್ಯುತ್ತೇನೆ. ಕೆನಡಾದ ಪೂರ್ವ ತುದಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ದೊಡ್ಡ ದ್ವೀಪ. ಅದರ ಆಚೆ ಗ್ರಾಂಡ್ ಬ್ಯಾಂಕ್ಸ್ ಎಂಬ ಆಳವಿಲ್ಲದ ಕಡಲು. ಅಲ್ಲಿಯ ಮೀನು ಕಾಡ್. 1497ರಲ್ಲಿ ಜಾನ್ ಕ್ಯಾಬಟ್ ಎಂಬ ನಾವಿಕ ಹೋಗಿ ಬಂದಾಗ, ಅಲ್ಲಿ ಬುಟ್ಟಿ ಇಳಿಸಿದರೂ ಮೀನು ತುಂಬಿ ಬರುತ್ತದೆ ಎಂಬ ಸುದ್ದಿ ಯುರೋಪಿನಲ್ಲಿ ಹಬ್ಬಿತು. ಸುಮಾರು ಐನೂರು ವರ್ಷ ಆ ಮೀನು ಜನರನ್ನು ಸಾಕಿತು. 1950ರ ನಂತರ ಯುರೋಪು, ಸೋವಿಯತ್ ದೇಶಗಳ ಕಾರ್ಖಾನೆಯಂಥ ಹಡಗುಗಳು ಬಂದವು. ಹಿಡಿದಲ್ಲೇ ಕತ್ತರಿಸಿ, ಅಲ್ಲೇ ಮಂಜುಗಟ್ಟಿಸಿ ಒಯ್ಯುವ ಹಡಗುಗಳು. 1968 ಒಂದೇ ವರ್ಷ 8 ಲಕ್ಷ ಟನ್ನಿಗೂ ಹೆಚ್ಚು ಕಾಡ್ ಎತ್ತಿದರು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿಯ ಗಡಿ ಹಾಕಿ ಹೊರಗಿನವರನ್ನು ಹೊರಗಿಟ್ಟಿತು. ಜನ ನಿಟ್ಟುಸಿರು ಬಿಟ್ಟರು. ಆಮೇಲೆ ಕೆನಡಾದವರೇ ದೊಡ್ಡ ಟ್ರಾಲರ್ ಕಟ್ಟಿ ಅದೇ ಕೆಲಸ ಮುಂದುವರಿಸಿದರು.

ನನ್ನನ್ನು ಬಹಳ ಕಾಡಿದ ಭಾಗ ಮುಂದಿನದು. ಎಂಬತ್ತರ ದಶಕದಲ್ಲಿ ದಡದ ಸಣ್ಣ ದೋಣಿಯವರು ಹೇಳುತ್ತಲೇ ಇದ್ದರು: ಮೀನು ಸಣ್ಣದಾಗುತ್ತಿದೆ, ಮೊದಲಿನ ಹಾಗೆ ಬರುತ್ತಿಲ್ಲ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಮೀನು ಬೇಕಾದಷ್ಟಿತ್ತು. ಆ ಲೆಕ್ಕ ಹೆಚ್ಚಾಗಿ ನಿಂತದ್ದು ದೊಡ್ಡ ಟ್ರಾಲರುಗಳು ತಂದ ಮೀನಿನ ಮೇಲೆ. ಯಂತ್ರದಿಂದ ಹುಡುಕುವ ಟ್ರಾಲರಿಗೆ ಕೊನೆಯ ಹಿಂಡು ಕೂಡ ಸಿಕ್ಕುತ್ತದೆ, ಹಾಗಾಗಿ ಕಡಲು ಬರಿದಾಗುವವರೆಗೂ ಅದರ ಬಲೆ ತುಂಬಿಯೇ ಇರುತ್ತದೆ. 1992ರ ಜುಲೈ 2ರಂದು ಕೆನಡಾದ ಮೀನುಗಾರಿಕೆ ಸಚಿವ ಜಾನ್ ಕ್ರಾಸ್ಬಿ ಅಲ್ಲಿಯ ಕಾಡ್ ಮೀನುಗಾರಿಕೆ ನಿಲ್ಲಿಸಿದರು. ಒಂದೇ ಏಟಿಗೆ ಸುಮಾರು 30 ಸಾವಿರ ಮಂದಿಯ ಕೆಲಸ ಹೋಯಿತು. ಎರಡು ವರ್ಷ ಮಾತ್ರ, ಮೀನು ಮರಳುತ್ತದೆ ಎಂದರು. ನಿಷೇಧ ತೆರವಾದದ್ದು 2024ರಲ್ಲಿ. ಮೂವತ್ತೆರಡು ವರ್ಷ. ಆವತ್ತು ಹುಟ್ಟಿದ ಮಗು ಬೆಳೆದು, ಊರು ಬಿಟ್ಟು, ಬೇರೆ ಕಸುಬು ಹಿಡಿದು, ತಾನೂ ಮಕ್ಕಳನ್ನು ಪಡೆಯುವಷ್ಟು ಕಾಲ.

ಬೈಗೆ ಕಾಡ್ ಅಲ್ಲ, ಬೇಗ ಬೆಳೆಯುತ್ತದೆ, ಬೇಗ ಮರಳುತ್ತದೆ. ಆ ವ್ಯತ್ಯಾಸ ನನಗೆ ಗೊತ್ತಿದೆ. ನಾನು ಈ ಕಥೆ ಹೇಳಿದ್ದು ದಡದವರ ಮಾತು ಲೆಕ್ಕಕ್ಕೆ ಬರಬೇಕು ಎಂಬುದಕ್ಕೆ. ಗಂಗೊಳ್ಳಿಯ ದೋಣಿಯವರು "ಈ ಸಲ ತೂಫಾನು ಏಳಲಿಲ್ಲ, ಮೀನಿನಲ್ಲಿ ಎಣ್ಣೆ ಇಲ್ಲ" ಎಂದರೆ ಅದನ್ನು ಬರೆದಿಟ್ಟುಕೊಳ್ಳುವ ಒಂದು ಪುಸ್ತಕ ಬಂದರಿನಲ್ಲಿ ಇರಬೇಕು.

ನ್ಯೂಫೌಂಡ್‌ಲ್ಯಾಂಡಿನ ಕಥೆಗೆ ಇನ್ನೊಂದು ತುಣುಕು ಇದೆ. ಗ್ರಾಂಡ್ ಬ್ಯಾಂಕ್ಸಿನ ಎರಡು ತುದಿಗಳು 200 ಮೈಲಿಯ ಆಚೆಗೆ ಚಾಚಿವೆ. ಮೀನು ಒಳಗೂ ಹೊರಗೂ ಓಡಾಡುತ್ತದೆ. ಹೊರಗಿದ್ದಾಗ ಯಾರ ಮೀನು? 1995ರಲ್ಲಿ ಕೆನಡಾ ಸ್ಪೇನಿನ ಒಂದು ಹಡಗನ್ನು ಹೊರಗಿನ ನೀರಿನಲ್ಲೇ ತಡೆದು ಹಿಡಿಯಿತು, ಸ್ನೇಹಿತ ದೇಶಗಳು ಬಂದೂಕು ತೋರಿಸುವ ಮಟ್ಟಕ್ಕೆ ಹೋದವು. ಅದೇ ವರ್ಷ ವಿಶ್ವಸಂಸ್ಥೆಯಲ್ಲಿ, ಗಡಿ ದಾಟುವ ಮೀನನ್ನು ಕೂಡಿ ಕಾಯುವ ಒಪ್ಪಂದವಾಯಿತು. ಭಾರತ 2003ರಲ್ಲಿ ಅದಕ್ಕೆ ಸೇರಿದೆ. ಯಾವ ದೇಶಕ್ಕೂ ಸೇರದ ತೆರೆದ ಸಾಗರದ ಜೀವಿಗಳನ್ನು ಕಾಯುವ ಇನ್ನೊಂದು ಒಪ್ಪಂದ 2023ರಲ್ಲಿ ಆಗಿ, 2026ರ ಜನವರಿ 17ರಂದು ಜಾರಿಗೆ ಬಂತು. ಅದಕ್ಕೂ ಭಾರತ 2024ರಲ್ಲಿ ಸಹಿ ಹಾಕಿದೆ. ದೇಶ ದೇಶಗಳ ನಡುವೆ ಇಷ್ಟು ಸಾಧ್ಯವಾದರೆ ಕೇರಳ, ಕರ್ನಾಟಕ, ಗೋವಾ, ಮಹಾರಾಷ್ಟ್ರದ ನಡುವೆ ಯಾಕಾಗದು? ದಡದಿಂದ 12 ಮೈಲಿಯವರೆಗೆ ಆಯಾ ರಾಜ್ಯದ ಕಾನೂನು, ಆಮೇಲೆ 200ರವರೆಗೆ ಕೇಂದ್ರದ್ದು. ನಮ್ಮ ರಜೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿ ಶುರು, 52 ದಿನ. ಒಂಬತ್ತು ದಿನದ ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ತಲಪಾಡಿಯ ಎದುರಿನ ನೀರಿನಲ್ಲಿ ಅದು ದಿನವೂ ಜಗಳ.

ಕೇರಳದಿಂದ ಕಲಿಯಬೇಕಾದದ್ದೂ ಇದೆ. 2015ರಲ್ಲಿ 14 ಜಾತಿಗೆ, 2017ರಲ್ಲಿ 58 ಜಾತಿಗೆ, ಇದಕ್ಕಿಂತ ಸಣ್ಣ ಮೀನು ಹಿಡಿಯಬಾರದು ಎಂಬ ಅಳತೆಯನ್ನು ಕೇರಳ ತಂದಿತು. ಮತ್ತಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ದೇಶದಲ್ಲಿ ಮೊದಲು ಮಾಡಿದವರು ಅವರು.

ಕಾನೂನಿನ ಆಚೆಗೂ ಒಂದು ದಾರಿ ಇದೆ ಎನ್ನಲು ಗುಜರಾತಿನ ಉದಾಹರಣೆ ಕೊಡುತ್ತೇನೆ. ವೆರಾವಳ ಕಡೆಯ ಕಡಲಿಗೆ ತಿಮಿಂಗಿಲ ಶಾರ್ಕ್ ಬರುತ್ತದೆ. ಲೋಕದ ಅತಿ ದೊಡ್ಡ ಮೀನು, ಬಸ್ಸಿಗಿಂತ ಉದ್ದ ಬೆಳೆಯುತ್ತದೆ, ತಿನ್ನುವುದು ಮಾತ್ರ ತೀರಾ ಸಣ್ಣ ಜೀವಿಗಳನ್ನು. ಯಾರಿಗೂ ಕಚ್ಚಿದ್ದಲ್ಲ. ಅಲ್ಲಿ ಅದನ್ನು 'ಬ್ಯಾರಲ್' ಎನ್ನುತ್ತಿದ್ದರು, ಏಕೆಂದರೆ ಕೊಕ್ಕೆಗೆ ಪ್ಲಾಸ್ಟಿಕ್ ಬ್ಯಾರಲ್ ಕಟ್ಟಿ, ಅದು ದಣಿದು ಮೇಲೆ ಬರುವಂತೆ ಮಾಡಿ ಹಿಡಿಯುತ್ತಿದ್ದರು. ಯಕೃತ್ತಿನ ಎಣ್ಣೆ ದೋಣಿಗೆ, ಮಾಂಸ ಹೊರದೇಶಕ್ಕೆ. 2001ರಲ್ಲಿ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ಹುಲಿಗಿರುವಷ್ಟೇ ರಕ್ಷಣೆ ಸಿಕ್ಕಿತು. ಕಾಯ್ದೆ ಬಂದದ್ದು ಮೀನುಗಾರರಿಗೆ ಗೊತ್ತೇ ಇರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ರಾಮಕಥೆ ಹೇಳುವ ಮೊರಾರಿ ಬಾಪು ಅವರನ್ನು ಕರೆತಂದರು. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳು, ಇವಳನ್ನು ಕೊಲ್ಲಬಹುದೇ ಎಂಬುದು ಅವರು ಮುಂದಿಟ್ಟ ಮಾತು. ಹೆಸರು 'ವಹಾಲಿ' ಆಯಿತು, ಎಂದರೆ ಮುದ್ದಿನವಳು. ಬಲೆಗೆ ಸಿಕ್ಕ ವಹಾಲಿಯನ್ನು ಬಲೆ ಕೊಯ್ದು ಬಿಟ್ಟರೆ ಅರಣ್ಯ ಇಲಾಖೆ ಬಲೆಗೆ ಪರಿಹಾರ ಕೊಡುತ್ತದೆ, ಬಿಟ್ಟದ್ದಕ್ಕೆ ಮೀನುಗಾರರೇ ಫೋಟೊ ತೆಗೆದು ಸಾಕ್ಷಿ ಕೊಟ್ಟರಾಯಿತು. ನೂರಾರು ವಹಾಲಿಗಳು ಹಾಗೆ ಕಡಲಿಗೆ ಮರಳಿವೆ. ಗಮನಿಸಿ, ಅಲ್ಲಿ ಬರೀ ಭಾವನೆಯಿಂದ ಆಗಲಿಲ್ಲ, ಬರೀ ದುಡ್ಡಿನಿಂದಲೂ ಆಗಲಿಲ್ಲ. ಹರಿದ ಬಲೆಯ ಬೆಲೆ ಬಡವನ ತಲೆಗೆ ಬೀಳದಂತೆ ಯಾರೋ ಮೊದಲು ಯೋಚಿಸಿದ್ದರು.

ನನ್ನ ಮಾತು ಇಷ್ಟು. ಈಗ ನೀವು ಹೇಳಿ.

*

ಮೊದಲು ಕೇಳಿದ್ದು ಒಬ್ಬ ವಿದ್ಯಾರ್ಥಿನಿ. ಅದೇ ಕೊಚ್ಚಿಯ ಸಂಸ್ಥೆ 2022ರಲ್ಲಿ 135 ಮೀನು ದಾಸ್ತಾನುಗಳನ್ನು (ಕಡಲಿನ ಒಂದೊಂದು ಭಾಗದಲ್ಲಿರುವ ಒಂದೊಂದು ಜಾತಿಯ ಮೀನಿನ ಸಮೂಹಗಳನ್ನು) ಪರೀಕ್ಷಿಸಿ ಶೇ. 91.1ರಷ್ಟು ಆರೋಗ್ಯವಾಗಿವೆ ಎಂದಿದೆಯಲ್ಲ, ಮತ್ತೆ ಈ ಆತಂಕ ಏಕೆ? ಒಳ್ಳೆಯ ಪ್ರಶ್ನೆ. ಆ ಅಂಕಿಯನ್ನು ನಾನು ತಳ್ಳಿಹಾಕುವುದಿಲ್ಲ, ಅದು ಸಮಾಧಾನದ ಸುದ್ದಿ, ಮಳೆಗಾಲದ ರಜೆಗೆ ಅದರಲ್ಲಿ ಪಾಲಿದೆ ಎಂದೂ ನಂಬುತ್ತೇನೆ. ಆದರೆ ಹತ್ತಿರದ ದಡದ ದೋಣಿಗೆ ಮೀನು ಸಿಕ್ಕಿತೇ, ಸಿಕ್ಕಿದ್ದು ಊಟಕ್ಕೆ ಹೋಯಿತೇ ಪುಡಿಗೆ ಹೋಯಿತೇ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಆರೋಗ್ಯವಾಗಿರುವಾಗಲೇ ಕಾಯುವುದು ಸುಲಭ ಎಂದೂ ಅವಳಿಗೆ ಹೇಳಿದೆ.

ಹಿಂದಿನ ಸಾಲಿನಿಂದ ಪರ್ಸಿನ್ ಬೋಟಿನ ಹುಡುಗನೊಬ್ಬ ಎದ್ದ. "ಮಾಷ್ಟ್ರೇ, ನಾವ್ ಬಿಟ್ರೆ ಗೋವಾದವ್ರ್ ಹಿಡಿತ್ರ್. ನಾವ್ ಎಂತಕ್ ಬಿಡ್ಕ್?" ಸಭೆಯಲ್ಲಿ ನಗು ಎದ್ದಿತು, ಅವನು ನಗಲಿಲ್ಲ. ನಾನೂ ನಗಲಿಲ್ಲ, ಅವನು ಹೇಳಿದ್ದು ನಿಜ. ಒಬ್ಬನೇ ಬಿಟ್ಟರೆ ಅವನ ಮನೆ ಮಾತ್ರ ಉಪವಾಸ. ಆದ್ದರಿಂದ ನಿನ್ನೊಬ್ಬನನ್ನು ಬಿಡು ಎಂದು ನಾನು ಕೇಳಲಾರೆ ಎಂದೆ. ಒಂದೇ ದಿನ ಶುರುವಾಗುವ ರಜೆ, ಒಂದೇ ಅಳತೆ, ಒಂದೇ ಬಲೆ ಕಣ್ಣು, ಕನ್ಯಾಕುಮಾರಿಯಿಂದ ರತ್ನಗಿರಿಯವರೆಗೆ. ಅಳತೆಗಿಂತ ಸಣ್ಣದು ಕಾರ್ಖಾನೆಯ ಗೇಟಿನಲ್ಲಿ ಇಳಿದರೆ ದಂಡ ಕಾರ್ಖಾನೆಗೆ. ರಜೆಯ ತಿಂಗಳಲ್ಲಿ ಸಾಲದ ಕಂತಿಗೂ ರಜೆ. ಇದನ್ನು ನಿಮ್ಮ ಸಂಘದವರು ಗೋವಾದ, ಕೇರಳದ ಸಂಘದವರ ಜತೆ ಕೂತು ಒಟ್ಟಿಗೆ ಬರೆದು ಕೊಡಿ ಎಂದೆ. "ಅವ್ರ್ ಬತ್ರಾ?" ಎಂದ. ಎಪ್ಪತ್ತರ ದಶಕದಲ್ಲಿ ಅವರೂ ಇದನ್ನೇ ಕೇಳುತ್ತಿದ್ದರು ಎಂದೆ. ಅವನು ಕೂರಲಿಲ್ಲ, ಗೋಡೆಗೆ ಒರಗಿ ನಿಂತೇ ಇದ್ದ.

ಕೊನೆಗೆ ಮೀನು ಮಾರುವ ಹಿರಿಯ ಹೆಂಗಸೊಬ್ಬರು ಎದ್ದರು. ಪ್ರಶ್ನೆ ಇರಲಿಲ್ಲ. ಸೊಂಟದ ಎಲೆಯಡಿಕೆ ಚೀಲ ಸರಿಮಾಡಿಕೊಂಡು, ಎಡಗೈಯ ಬೆರಳುಗಳನ್ನು ಬಿಡಿಸಿ ಹಿಡಿದರು. ತೋರುಬೆರಳಿನ ಎರಡನೇ ಗೆಣ್ಣು ತೋರಿಸಿ, ತನ್ನ ಅತ್ತೆ ಇದಕ್ಕಿಂತ ಸಣ್ಣ ಬೈಗೆಯನ್ನು ಬುಟ್ಟಿಗೆ ಹಾಕಲು ಬಿಡುತ್ತಿರಲಿಲ್ಲ ಎಂದರು. ಗಿರಾಕಿ ಬೈಯುತ್ತಾನೆ ಎಂದಲ್ಲ, "ಅದ್ ಇನ್ನೂ ಮಕ್ಕ್, ಬಿಡ್ಕ್" ಎನ್ನುತ್ತಿದ್ದಳಂತೆ. ಆಮೇಲೆ ಹೊತ್ತಾಯಿತೆಂದು ಎಲ್ಲರಿಗಿಂತ ಮೊದಲು ಹೊರಟರು. ನಾಳೆ ಬೆಳಗಿನ ಜಾವ ಬಂದರಿಗೆ ಹೋಗಬೇಕಿತ್ತು.